ಪೇಂಟ್ ಹೊಡೆಸಿದ ಆರು ತಿಂಗಳಿಗೆ ಮತ್ತೆ ಎದ್ದ ಗೆರೆಗಳು

ಪ್ರಶ್ನೆ: ನಮ್ಮ ತಂದೆಯವರು 1985ರಲ್ಲಿ ಕೊಂಡ ಸಿಪಾನಿ ಡಾಲ್ಫಿನ್ ಕಾರು ತುಮಕೂರಿನ ನಮ್ಮ ಮನೆಯಲ್ಲಿದೆ. ಹದಿನೈದು ವರ್ಷ ಶೆಡ್ಡಿನಲ್ಲೇ ನಿಂತಿತ್ತು. ಈಗ ಎಂಜಿನ್ ಕೆಲಸ ಮುಗಿದು ಓಡುತ್ತಿದೆ, ತೊಂದರೆಯೆಲ್ಲ ಬಾಡಿಯದ್ದು. ಕಳೆದ ವರ್ಷ ಗ್ಯಾರೇಜೊಂದರಲ್ಲಿ ಇಡೀ ಕಾರಿಗೆ ಪುಟ್ಟಿ ಎಳೆಸಿ ಕಡುನೀಲಿ ಬಣ್ಣ ಹೊಡೆಸಿದೆ. ಮನೆಗೆ ತಂದ ದಿನ ಕನ್ನಡಿಯಂತಿತ್ತು. ಆರು ತಿಂಗಳಾಗುವಷ್ಟರಲ್ಲಿ ಬಾನೆಟ್ ಮೇಲೆ ಒಣಹುಲ್ಲು ಚೆಲ್ಲಿದಂತೆ ಗೆರೆಗಳು ಎದ್ದಿವೆ. ಎಡಗಡೆ ಅಂಗೈಯಗಲದ ಜಾಗದಲ್ಲಿ ಮಾತ್ರ ಚಾಪೆ ಹೆಣೆದಂತೆ ಚೌಕ ಚೌಕ ಗೆರೆ. ಹಿಂಜಿನ ಬಳಿ ನಕ್ಷತ್ರದಂತಹ ಬಿರುಕು, ಬಾಗಿಲ ಕೆಳಭಾಗದಲ್ಲಿ ಸೂಜಿ ಚುಚ್ಚಿದಂತಹ ತೂತುಗಳು, ಅಲ್ಲಲ್ಲಿ ಗುಳ್ಳೆ. ಮರಳನ್ನು ರಭಸವಾಗಿ ಊದಿ ಬಣ್ಣ ಕೀಳುವ ಸ್ಯಾಂಡ್ ಬ್ಲಾಸ್ಟ್ ಮಾಡಿಸಿ ಎಂದು ಒಬ್ಬರು, ಹೊಸದಾಗಿ ಜೆಲ್‌ಕೋಟ್ (ಫೈಬರಿನ ನಯವಾದ ಹೊರಪದರ) ಹಾಕಿಸಿ ಎಂದು ಇನ್ನೊಬ್ಬರು, ತಗಡಿನ ಬಾನೆಟ್ಟನ್ನೇ ಮಾಡಿಸಿಬಿಡಿ ಎಂದು ಮತ್ತೊಬ್ಬರು ಹೇಳುತ್ತಿದ್ದಾರೆ. ಫೈಬರ್ ಬಾಡಿಗೆ ಬೇರೆಯದೇ ಪೇಂಟ್ ಬೇಕಂತೆ, ಹೌದೆ? ಸ್ವಲ್ಪ ಕೆಲಸ ನಾನೇ ಮಾಡಿಕೊಳ್ಳಬಹುದೆ?

ಉತ್ತರ: ಮೊದಲು ನಿಮ್ಮ ಪೇಂಟರ್ ಪರವಾಗಿ ಒಂದು ಮಾತು. ಅವರು ಹೊಡೆದ ಬಣ್ಣ ಕೆಟ್ಟದ್ದಾಗಿರಲಾರದು. ತಂದ ದಿನ ಕನ್ನಡಿಯಂತಿತ್ತು ಎಂದರೆ ಕೈ ಪಳಗಿದವರೇ. ಆದರೆ ಅವರು ತಗಡಿನ ಕಾರಿಗೆ ಮಾಡುವ ಕೆಲಸವನ್ನು ಫೈಬರ್ ಕಾರಿಗೆ ಮಾಡಿದ್ದಾರೆ. ತಗಡು ಒಮ್ಮೆ ತಟ್ಟಿ ಸರಿ ಮಾಡಿದರೆ ಸುಮ್ಮನೆ ಕೂರುತ್ತದೆ. ಫೈಬರ್ ಹಾಗಲ್ಲ, ಅದು ಒಳಗಿಂದ ಅಲುಗಾಡುತ್ತಲೇ ಇರುತ್ತದೆ: ಬಿಸಿಲಿಗೆ, ಬೋಲ್ಟಿನ ಬಿಗಿಗೆ, ತೇವಕ್ಕೆ. ಅದು ನಿಲ್ಲುವ ಮೊದಲೇ ಮೇಲೆ ಬಣ್ಣ ಹೊಡೆದರೆ, ತೇವ ಆರದ ಗೋಡೆಗೆ ಸುಣ್ಣ ಬಳಿದಂತೆ. ಗೋಡೆಯೇನೋ ಒಂದು ಮಳೆಗಾಲ ಕಾಯುತ್ತದೆ, ನಿಮ್ಮ ಬಾನೆಟ್ ಒಂದು ಬೇಸಿಗೆಯನ್ನೂ ಕಾಯಲಿಲ್ಲ.

ಫೈಬರ್ ಬಾಡಿಗಳು ನಮ್ಮ ಬೆಂಗಳೂರಿಗೆ ಹೊಸವೇನಲ್ಲ. 70ರ ದಶಕದಲ್ಲೇ ಇಲ್ಲಿ ಸನ್‌ರೈಸ್ ಕಂಪನಿ ಬಾದಲ್ ಎಂಬ ಮೂರು ಚಕ್ರದ ಫೈಬರ್ ಕಾರನ್ನು ತಯಾರಿಸುತ್ತಿತ್ತು. ಅದೇ ಮುಂದೆ ಸಿಪಾನಿಯಾಗಿ, 1982ರಲ್ಲಿ ಡಾಲ್ಫಿನ್ ಬಂತು. ಇಂಗ್ಲೆಂಡಿನ ರಿಲಯಂಟ್ ಕಂಪನಿಯ ಕಿಟನ್ ಕಾರಿನ ರೂಪವದು: 848 ಸಿಸಿಯ ಅಲ್ಯೂಮಿನಿಯಂ ಎಂಜಿನ್, ಅಡಿಯಲ್ಲಿ ಕಬ್ಬಿಣದ ಛಾಸಿ, ಮೇಲೆ ಫೈಬರ್ ಬಾಡಿ. ಹಗುರವಾಗಿದ್ದುದರಿಂದ ರ‍್ಯಾಲಿಗಳಲ್ಲಿ ಹೆಸರು ಮಾಡಿತು. 1983ರ ಕೊನೆಗೆ ಮಾರುತಿ 800 ಬಂದ ಮೇಲೆ ಮನೆಮಂದಿಯ ಕಾರಾಗಿ ಅದಕ್ಕೆ ಉಳಿಗಾಲ ಇಲ್ಲವಾಯಿತು. ನಾನು ಬಾಡಿ ಶಾಪ್ ಕೆಲಸಕ್ಕೆ ಬರುವ ಮೊದಲು ಪೀಣ್ಯದಲ್ಲಿ ಎಫ್‌ಆರ್‌ಪಿ, ಅಂದರೆ ಇದೇ ಫೈಬರ್ ಕೆಲಸ ಮಾಡಿದವನು. ಹಾಗಾಗಿ ಡಾಲ್ಫಿನ್ ಬಾಗಿಲು ಕೈಗೆ ಬಂದರೆ ಮೊದಲು ಅದರ ಬೆನ್ನನ್ನೇ ತಿರುಗಿಸಿ ನೋಡುತ್ತೇನೆ. ನೀವೂ ಅಲ್ಲಿಂದಲೇ ಶುರು ಮಾಡಿ.

ಬಾನೆಟ್ ಬಿಚ್ಚಿ ಮಗುಚಿ ಹಾಕಿ. ಒಳಮೈ ಒರಟಾಗಿ, ಎಳೆಗಳು ಕಾಣುವಂತಿರುತ್ತದೆ. ಅದು ದೋಷವಲ್ಲ, ಹುಟ್ಟಿದ್ದೇ ಹಾಗೆ. ಮೋಲ್ಡಿಗೆ ಮೊದಲು ವ್ಯಾಕ್ಸ್ ಉಜ್ಜಿ, ಅರ್ಧ ಮಿಲಿಮೀಟರಿನಷ್ಟು ಜೆಲ್‌ಕೋಟ್ ಹಾಕಿ, ಅದು ಅಂಟಂಟಾಗುವಷ್ಟು ಗಟ್ಟಿಯಾದ ಮೇಲೆ ಗಾಜಿನೆಳೆಯ ಮ್ಯಾಟ್ ಹಾಸಿ ರೆಸಿನ್ (ಆಮೇಲೆ ಗಟ್ಟಿಯಾಗುವ ಅಂಟುದ್ರವ) ಕುಡಿಸುತ್ತಾರೆ. ಮೋಲ್ಡಿಗೆ ತಾಗಿದ ಮುಖ ನಯ, ಕೈಗೆ ತಾಗಿದ ಮುಖ ಒರಟು. ಆದ್ದರಿಂದ ಹೊರಮೈ ಒರಟಾಗಿದೆ ಎಂದರೆ ನಂತರ ಏನೋ ನಡೆದಿದೆ ಎಂದೇ ಅರ್ಥ. ಒಂದೋ ಹಿಂದಿನ ಪೇಂಟರ್ ಉಜ್ಜಿ ಉಜ್ಜಿ ಜೆಲ್‌ಕೋಟ್ ತಿಂದುಹಾಕಿದ್ದಾನೆ, ಇಲ್ಲವೇ ಯಾರೋ ಮೇಲಿನಿಂದ ತೇಪೆ ಹಾಕಿದ್ದಾರೆ, ಅದೂ ಅಲ್ಲದಿದ್ದರೆ ಬಾನೆಟ್ಟೇ ನಕಲು. ಹಳೆಯ ಬಾನೆಟ್ಟಿನ ಮೇಲೆಯೇ ಮೋಲ್ಡ್ ತೆಗೆದು ಮಾಡಿದ ನಕಲಿಗೆ ಅದರ ಡೊಂಕು, ಅಲೆಗಳೆಲ್ಲ ಪಿತ್ರಾರ್ಜಿತವಾಗಿ ಬಂದಿರುತ್ತವೆ.

ನಿಮ್ಮ ಪತ್ರದಲ್ಲೇ ಒಂದು ಸುಳಿವಿದೆ. ಒಣಹುಲ್ಲು ಚೆಲ್ಲಿದಂತಹ ಗೆರೆ ಕತ್ತರಿಸಿದ ಎಳೆಗಳ ಮ್ಯಾಟಿನದು, ಕೈಯಿಂದ ಹಾಸಿದ ಬಾಡಿಗಳಲ್ಲಿ ಸಾಮಾನ್ಯವಾಗಿ ಇರುವುದು ಅದೇ. ಚೌಕಗೆರೆ ನೇಯ್ದ ಗಾಜಿನ ಬಟ್ಟೆಯದು. ಅಂಗೈಯಗಲದ ಆ ಜಾಗದಲ್ಲಿ ಯಾವಾಗಲೋ ಪೆಟ್ಟು ಬಿದ್ದು, ಅಂಗಡಿಯಲ್ಲಿ ಸಿಕ್ಕ ಬಟ್ಟೆಯನ್ನು ಯಾರೋ ಮೇಲ್ಗಡೆಯಿಂದಲೇ ಅಂಟಿಸಿದ್ದಾರೆ. ಅಲ್ಲಿ ಒಂದು ಹಳೆಯ ರೂಪಾಯಿ ನಾಣ್ಯದ ಅಂಚಿನಿಂದ ಮೆಲ್ಲಗೆ ತಟ್ಟಿ ನೋಡಿ, ತೆಂಗಿನಕಾಯಿ ತಟ್ಟುತ್ತೀರಲ್ಲ ಹಾಗೆ. ಗಟ್ಟಿ ಇರುವಲ್ಲಿ ಟಕ್ ಟಕ್ ಎಂದು ಸ್ಪಷ್ಟ ಶಬ್ದ. ಪದರ ಬಿಟ್ಟಿದ್ದರೆ ಶಬ್ದ ಮಂದವಾಗುತ್ತದೆ, ಮಣ್ಣು ತುಂಬಿದ ಡಬ್ಬಿ ತಟ್ಟಿದಂತೆ. ಮಂದ ಶಬ್ದ ಬಂದ ಎಲ್ಲೆಯನ್ನು ಪೆನ್ಸಿಲಿನಲ್ಲಿ ಗುರುತಿಸಿಕೊಳ್ಳುತ್ತ ಇಡೀ ಕಾರು ಸುತ್ತಿಬಿಡಿ. ಒಂದು ಸಂಜೆಯ ಕೆಲಸ, ಆದರೆ ಪೇಂಟರ್ ಕೊಡುವ ಎಸ್ಟಿಮೇಟಿಗಿಂತ ನಿಮಗೆ ಹೆಚ್ಚು ತಿಳಿದಿರುತ್ತದೆ.

ಇನ್ನು ಗೆರೆಗಳು ಮತ್ತೆ ಏಳುವುದೇಕೆ ಎಂಬುದು. ಪಾಲಿಯೆಸ್ಟರ್ ರೆಸಿನ್ ಗಟ್ಟಿಯಾಗುವಾಗ ಗಾತ್ರದಲ್ಲಿ ಶೇಕಡಾ 5ರಿಂದ 8ರಷ್ಟು ಕುಗ್ಗುತ್ತದೆ. ಗಾಜಿನೆಳೆ ಕುಗ್ಗುವುದಿಲ್ಲ. ಎಳೆಗಳ ನಡುವಿನ ರೆಸಿನ್ ಒಳಗೆ ಇಳಿದಾಗ ಎಳೆಗಳು ಎದ್ದು ನಿಲ್ಲುತ್ತವೆ, ಬಡಕಲು ಎತ್ತಿನ ಪಕ್ಕೆಯಂತೆ. ಈ ಗಟ್ಟಿಯಾಗುವ ಕೆಲಸ ಒಂದೇ ದಿನಕ್ಕೆ ಮುಗಿಯುವಂಥದ್ದಲ್ಲ. ಮುಟ್ಟಿದರೆ ಕಲ್ಲಿನಂತಿರುವ ಹೊಸ ತೇಪೆ ಕೂಡ ವಾರಗಟ್ಟಲೆ ನಿಧಾನವಾಗಿ ಕುಗ್ಗುತ್ತಿರುತ್ತದೆ. ಬಿಸಿ ತಾಗಿದರೆ ಇನ್ನೂ ಬೇಗ. ಸಾಧಾರಣ ರೆಸಿನ್ 60–70 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಮೆತ್ತಗಾಗತೊಡಗುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ನಿಂತ ಕಡುನೀಲಿ ಬಾನೆಟ್ ಆ ಬಿಸಿಯನ್ನು ಸಲೀಸಾಗಿ ಮುಟ್ಟುತ್ತದೆ, ಬಿಳಿ ಬಾನೆಟ್ ಅಷ್ಟು ಸುಲಭವಾಗಿ ಮುಟ್ಟುವುದಿಲ್ಲ. ಅಂದರೆ ಬಣ್ಣದ ಆಯ್ಕೆ ಇಲ್ಲಿ ಬರೀ ರುಚಿಯ ವಿಷಯವಲ್ಲ. ಅಮೆರಿಕದ ಕಾರ್ವೆಟ್, ಫೈಬರ್ ಕಾರುಗಳ ಹಿರಿಯಣ್ಣ, 1953ರಲ್ಲಿ 300 ಕಾರು ಹೊರಬಂತು, ಮುನ್ನೂರೂ ಬಿಳಿ. ಕಾರಣ ಏನೇ ಇರಲಿ, ನನ್ನ ಬಳಿ ಬಂದು ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ಇದಕ್ಕೆ ಪುಟ್ಟಿಯ ಪಾಲೂ ಸೇರಿದೆ. ಗ್ಯಾರೇಜುಗಳಲ್ಲಿ ಎರಡು ಬಗೆಯ ಪುಟ್ಟಿ ಓಡಾಡುತ್ತದೆ. ಟ್ಯೂಬಿನಲ್ಲಿಯೋ ಡಬ್ಬಿಯಲ್ಲಿಯೋ ಬರುವ, ಹಾರ್ಡ್‌ನರ್ ಬೇಡದ ಎನ್‌ಸಿ (ನೈಟ್ರೊಸೆಲ್ಯುಲೋಸ್) ಪುಟ್ಟಿ ಒಂದು. ಹಾರ್ಡ್‌ನರ್ ಬೆರೆಸಿ ಎಳೆಯುವ ಪಾಲಿಯೆಸ್ಟರ್ ಪುಟ್ಟಿ ಇನ್ನೊಂದು. ಎನ್‌ಸಿ ಪುಟ್ಟಿ ಥಿನ್ನರ್ ಆರಿ ಗಟ್ಟಿಯಾಗುವಂಥದ್ದು. ಮೇಲೆ ಹೊಡೆದ ಪೇಂಟಿನ ಥಿನ್ನರ್ ಅದನ್ನು ಮತ್ತೆ ನೆನೆಸಿ ಉಬ್ಬಿಸುತ್ತದೆ, ಆಮೇಲೆ ಅದು ತಿಂಗಳುಗಟ್ಟಲೆ ಕುಗ್ಗುತ್ತದೆ. ಸಣ್ಣ ಗೀರಿಗೆ ಒರೆಸಿದರೆ ಪರವಾಗಿಲ್ಲ, ಇಡೀ ಕಾರಿಗೆ ಎಳೆದರೆ ನಿಮಗೆ ಆದದ್ದೇ ಆಗುತ್ತದೆ. ಯಾವ ಪುಟ್ಟಿ ಹಾಕಿದರೆಂದು ಕೇಳಿ ತಿಳಿದುಕೊಳ್ಳಿ. ಹೇಳದಿದ್ದರೆ ಕಾಣದ ಮೂಲೆಯಲ್ಲಿ ಬಣ್ಣ ಕೆರೆದು, ಥಿನ್ನರಿನಲ್ಲಿ ಅದ್ದಿದ ಬಟ್ಟೆಯನ್ನು ಎರಡು ನಿಮಿಷ ಒತ್ತಿ ಹಿಡಿಯಿರಿ. ಪುಟ್ಟಿ ಬಟ್ಟೆಗೆ ಹತ್ತಿಕೊಂಡರೆ ಎನ್‌ಸಿ. ಪಾಲಿಯೆಸ್ಟರ್ ಆಗಿದ್ದರೆ ಅಲುಗುವುದಿಲ್ಲ.

ಬಾಗಿಲಿನ ಗುಳ್ಳೆಗಳ ಮೇಲೆ ನನ್ನ ಗುಮಾನಿ ಬೇರೆ. ನಮ್ಮಲ್ಲಿ ಪುಟ್ಟಿಯನ್ನೂ ವಾಟರ್ ಪೇಪರ್ ಹಿಡಿದು ನೀರು ಸುರಿಯುತ್ತ ಉಜ್ಜುವ ಅಭ್ಯಾಸವಿದೆ. ಪುಟ್ಟಿ ನೀರು ಕುಡಿಯುತ್ತದೆ. ಜೆಲ್‌ಕೋಟ್ ಹೋಗಿ ಗಾಜಿನೆಳೆ ತೆರೆದುಕೊಂಡಿದ್ದರೆ ಎಳೆಗಳೂ ದೀಪದ ಬತ್ತಿಯಂತೆ ನೀರನ್ನು ಒಳಗೆಳೆಯುತ್ತವೆ. ಮೇಲೆ ಬಣ್ಣ ಮುಚ್ಚಿದ ಮೇಲೆ, ಬಿಸಿಲಿಗೆ ಆ ನೀರು ಹೊರಬರಲು ದಾರಿ ಹುಡುಕುತ್ತದೆ. ಪುಟ್ಟಿಯನ್ನು ನೀರಿಲ್ಲದೆ ಒಣದಾಗಿಯೇ ಉಜ್ಜಬೇಕು. ವಾಟರ್ ಪೇಪರಿಗೆ ಪ್ರೈಮರ್ ಬಂದ ಮೇಲೆಯೇ ಕೆಲಸ. ಧೂಳು ಹಾರುತ್ತದೆ ಎಂಬ ನೆಪಕ್ಕೆ ನೀರು ಹಾಕುವವರಿಗೆ ಒಂದು ಮಾಸ್ಕ್ ತೆಗೆಸಿಕೊಡಿ.

ಸೂಜಿತೂತುಗಳು ಇವೆಲ್ಲಕ್ಕಿಂತ ಹಳೆಯವು. ಹಾಸುವಾಗ ಸಿಕ್ಕಿಹಾಕಿಕೊಂಡ ಗಾಳಿಯ ಗುಳ್ಳೆಗಳು ಉಜ್ಜಿದಾಗ ಬಾಯಿ ತೆರೆಯುತ್ತವೆ. ಅವುಗಳ ಮೇಲೆ ಪ್ರೈಮರ್ ಹೊಡೆದರೆ ತೆಳುಚರ್ಮ ಕಟ್ಟಿ ಮುಚ್ಚಿದಂತೆ ಕಾಣುತ್ತದೆ, ಒಳಗಿನ ಗಾಳಿ ಅಲ್ಲೇ ಇರುತ್ತದೆ. ಮೊದಲ ಬಿಸಿಲಿಗೆ ಆ ಚರ್ಮ ಒಡೆಯುತ್ತದೆ. ಮೇಲೆ ಮೇಲೆ ಪ್ರೈಮರ್ ಹೊಡೆದು ಸೋತವರನ್ನು ಎಷ್ಟೋ ಜನರನ್ನು ನೋಡಿದ್ದೇನೆ, ಮೊದಮೊದಲು ನಾನೂ ಅವರಲ್ಲೊಬ್ಬ. ಕೆಲಸ ಕೊಡುವುದು ಒಂದೇ ದಾರಿ. ತೂತುಗಳನ್ನು ಒಣಗಾಳಿಯಿಂದ ಊದಿ, ತೆಳ್ಳಗಿನ ಪಾಲಿಯೆಸ್ಟರ್ ಪುಟ್ಟಿಯನ್ನು ಗಟ್ಟಿ ರಬ್ಬರ್ ತುಂಡಿನಲ್ಲಿ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಒತ್ತಿ ತುಂಬಿ, ಮೇಲಿನದನ್ನು ಪೂರ್ತಿ ಕೆರೆದು ತೆಗೆಯಬೇಕು. ತುಂಬಬೇಕಾದ್ದು ತೂತು, ಸುತ್ತಲಿನ ಮೈಯಲ್ಲಿ ಏನೂ ಉಳಿಯಬಾರದು. ಉಜ್ಜಿ, ಊದಿ, ಉಳಿದವನ್ನು ಮತ್ತೆ ತುಂಬಿ. ಮೂರು ಸುತ್ತು ಬೇಕಾಗುತ್ತದೆ ಎಂದುಕೊಂಡೇ ಕೂತುಕೊಳ್ಳಿ.

ಈಗ ನಕ್ಷತ್ರಬಿರುಕು. ಬಿರುಕಿನ ಆಕಾರವನ್ನು ಓದುವುದು ಕಲಿತರೆ ಅರ್ಧ ಕೆಲಸ ಆಯಿತು. ಒಂದು ಬಿಂದುವಿನಿಂದ ಎಲ್ಲ ಕಡೆಗೆ ಚಾಚಿದ್ದರೆ ಅಲ್ಲಿ ಪೆಟ್ಟು ಅಥವಾ ಒತ್ತಡ ಬಿದ್ದಿದೆ, ಬಹಳ ಸಲ ಒಳಗಡೆಯಿಂದ. ಸಾಲು ಸಾಲಾಗಿ ಒಂದೇ ದಿಕ್ಕಿಗಿದ್ದರೆ ಪ್ಯಾನೆಲ್ ಅಲ್ಲಿ ಬಾಗುತ್ತಿದೆ. ಬೋಲ್ಟಿನ ಸುತ್ತ ಬಳೆಯಂತಿದ್ದರೆ ಸ್ಪ್ಯಾನರ್ ಹಿಡಿದವನ ತೋಳುಬಲ ಜಾಸ್ತಿಯಾಗಿದೆ. ಹಿಂಜಿನ ಹತ್ತಿರ ಇನ್ನೂ ಒಂದು ಸಾಧ್ಯತೆಯುಂಟು. ಫೈಬರ್ ಪದರಗಳ ನಡುವೆ ಹುದುಗಿಸಿದ ಕಬ್ಬಿಣದ ಪಟ್ಟಿ ಇದ್ದರೆ ಅದು ತುಕ್ಕು ಹಿಡಿದು ಊದಿಕೊಂಡು ಫೈಬರನ್ನು ಒಳಗಿಂದ ಸೀಳುತ್ತದೆ. ‘ಫೈಬರ್ ಕಾರಿಗೆ ತುಕ್ಕಿನ ಭಯವಿಲ್ಲ’ ಎಂಬ ಮಾತು ಬಾಡಿಯ ಮಟ್ಟಿಗೆ ಮಾತ್ರ ನಿಜ. ಛಾಸಿಗೂ ಈ ಪಟ್ಟಿಗಳಿಗೂ ಆ ವಿಷಯ ಗೊತ್ತಿಲ್ಲ.

ಬಿರುಕಿನ ಮೇಲೆ ಪುಟ್ಟಿ ತುಂಬುವುದು ವ್ಯರ್ಥ. ಮೊದಲು ಕಾರಣ ತೆಗೆಯಿರಿ: ಬೋಲ್ಟಿಗೆ ಅಗಲ ವಾಷರ್, ನಡುವೆ ರಬ್ಬರ್ ಪ್ಯಾಕಿಂಗ್, ಪಟ್ಟಿ ತುಕ್ಕು ಹಿಡಿದಿದ್ದರೆ ಬಿಡಿಸಿ ಹೊಸದು. ಆಮೇಲೆ ಬೆನ್ನಿನ ಕಡೆ 80 ನಂಬರ್ ಪೇಪರಿನಲ್ಲಿ ಚೆನ್ನಾಗಿ ಕೆರೆದು, ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟ್ ಎರಡು ಪದರ ಹಾಸಿ ಬಲ ಕೊಡಿ. ಮುಂದಿನ ಕಡೆ ಪ್ರತಿ ಬಿರುಕನ್ನೂ ಅದರ ತುದಿ ಮಾಯವಾಗುವವರೆಗೆ ವಿ ಆಕಾರದಲ್ಲಿ ಕೊರೆಯಬೇಕು. ಕೂದಲಿನಷ್ಟು ಬಿರುಕು ಉಳಿದರೂ ಮುಂದಿನ ವರ್ಷ ಅಲ್ಲಿಂದಲೇ ನಕ್ಷತ್ರ ಮತ್ತೆ ಮೂಡುತ್ತದೆ. ಆ ಚೌಕಗೆರೆಯ ತೇಪೆಯನ್ನಂತೂ ಪೂರ್ತಿ ಕಿತ್ತುಹಾಕಿ. ಬಾನೆಟ್ ಅಲ್ಲಿ ಪೂರ್ತಿ ಸೀಳಿದ್ದರೆ ಅಂಚುಗಳನ್ನು ದಪ್ಪದ ಹನ್ನೆರಡು ಪಟ್ಟು ಅಗಲಕ್ಕೆ ಇಳಿಜಾರಾಗಿ ಉಜ್ಜಬೇಕು. 3 ಮಿಲಿಮೀಟರ್ ದಪ್ಪ ಎಂದರೆ ಸುತ್ತಲೂ 36 ಮಿಲಿಮೀಟರ್. ಇಷ್ಟೊಂದು ಒಳ್ಳೆಯ ಜಾಗವನ್ನು ಉಜ್ಜಲು ಎಲ್ಲರಿಗೂ ಕೈ ನಡುಗುತ್ತದೆ, ಆದರೆ ಹೊಸ ಮ್ಯಾಟ್ ಹಿಡಿದುಕೊಳ್ಳುವುದೇ ಆ ಇಳಿಜಾರನ್ನು. ತೇಪೆ ಹಾಕಿದ ಮೇಲೆ ಎರಡು ಮೂರು ವಾರ ಮುಟ್ಟಬೇಡಿ. ಹಗಲು ಬಿಸಿಲಿಗಿಟ್ಟು ರಾತ್ರಿ ಒಳಗಿಡಿ. ಕುಗ್ಗುವುದೆಲ್ಲ ಬಣ್ಣಕ್ಕೆ ಮೊದಲೇ ಕುಗ್ಗಲಿ.

ನಿಮಗೆ ಸಿಕ್ಕ ಮೂರು ಸಲಹೆಗಳ ವಿಷಯ. ಸ್ಯಾಂಡ್ ಬ್ಲಾಸ್ಟ್ ಬೇಡವೇ ಬೇಡ, ತಗಡಿಗೆ ಅದು ಸ್ನಾನ, ಫೈಬರಿಗೆ ಸಿಡುಬು. ಪೇಂಟ್ ರಿಮೂವರ್ ಕೂಡ ಬೇಡ. ಬಣ್ಣದ ಜತೆ ಜೆಲ್‌ಕೋಟನ್ನೂ ಮೆತ್ತಗೆ ಮಾಡಿ, ತೂತುಗಳಲ್ಲಿ ಉಳಿದು ಹೊಸ ಬಣ್ಣವನ್ನೂ ಎಬ್ಬಿಸುತ್ತದೆ. ಹಳೆ ಬಣ್ಣವನ್ನು ಚೂಪು ಬ್ಲೇಡನ್ನು ಮಲಗಿಸಿ ಹಿಡಿದು ಕೆರೆಯುವುದು, ಆಮೇಲೆ 180 ನಂಬರ್ ಪೇಪರ್. ಬೇಸರದ ಕೆಲಸ, ಆದರೆ ನೀವೇ ಮಾಡಬಹುದಾದದ್ದು ಇದೇ. ಮಾಡುವಾಗ ತುಂಬುತೋಳಿನ ಅಂಗಿ, ಕನ್ನಡಕ, ಒಳ್ಳೆಯ ಧೂಳಿನ ಮಾಸ್ಕ್ ಇರಲಿ. ಮುಗಿದ ಮೇಲೆ ತಣ್ಣೀರಿನಲ್ಲಿ ತೊಳೆದುಕೊಳ್ಳಿ. ಬಿಸಿನೀರಿಗೆ ಇಳಿದರೆ ಗಾಜಿನ ಪುಡಿಯ ನವೆ ಹೆಚ್ಚಾಗುತ್ತದೆ ಎಂಬುದು ನಮ್ಮ ಶಾಪಿನಲ್ಲಿ ಎಲ್ಲರೂ ಒಮ್ಮೆ ಕಲಿತ ಪಾಠ.

ಜೆಲ್‌ಕೋಟ್ ಹೇಳಿದವರು ಪೂರ್ತಿ ತಪ್ಪಲ್ಲ, ಆದರೆ ಜೆಲ್‌ಕೋಟ್ ಮೋಲ್ಡಿನೊಳಗೆ ಹಾಕುವ ವಸ್ತು. ಹೊರಗಿನಿಂದ ಹೊಡೆದರೆ ಕಿತ್ತಳೆ ಸಿಪ್ಪೆಯಂತೆ ಕೂರುತ್ತದೆ, ದಪ್ಪವಾದಷ್ಟೂ ಬೇಗ ಬಿರಿಯುತ್ತದೆ. ಅದೇ ಜಾಗಕ್ಕೆ ಸ್ಪ್ರೇ ಮಾಡುವ ಪಾಲಿಯೆಸ್ಟರ್ ಫಿಲ್ಲರ್ ಬರುತ್ತದೆ. ಅದು ಉಜ್ಜಲಿಕ್ಕೆಂದೇ ಮಾಡಿದ ವಸ್ತು. ಇಡೀ ಬಾನೆಟ್ಟಿನಲ್ಲಿ ಬಿರುಕು ಬಲೆಯಂತೆ ಹರಡಿದ್ದರೆ ಮಾತ್ರ ಇನ್ನೊಂದು ದಾರಿ ನೋಡಬೇಕು. ಜೆಲ್‌ಕೋಟ್ ಪೂರ್ತಿ ತೆಗೆದು, ಹತ್ತಿಯ ಹಾಳೆಯಷ್ಟು ತೆಳುವಾದ ಗಾಜಿನ ಟಿಶ್ಯೂವನ್ನು ಎಪಾಕ್ಸಿ ರೆಸಿನ್‌ನಲ್ಲಿ ಹಾಸುವುದು. ಎಪಾಕ್ಸಿ ಕುಗ್ಗುವುದು ಕಡಿಮೆ, ಹಿಡಿತ ಹೆಚ್ಚು. ಅದರ ತೊಡಕೆಂದರೆ ಎಪಾಕ್ಸಿ ಪಾಲಿಯೆಸ್ಟರಿನ ಮೇಲೆ ಚೆನ್ನಾಗಿ ಕೂರುತ್ತದೆ, ಪಾಲಿಯೆಸ್ಟರ್ ರೆಸಿನ್ ಎಪಾಕ್ಸಿಯ ಮೇಲೆ ಅಷ್ಟು ಚೆನ್ನಾಗಿ ಕೂರುವುದಿಲ್ಲ. ಒಮ್ಮೆ ಆ ದಾರಿ ಹಿಡಿದರೆ ಮುಂದಿನ ರಿಪೇರಿಗಳಿಗೂ ಎಪಾಕ್ಸಿಯೇ ಗತಿ. ಅಂಚುಗಳು ದಪ್ಪವಾಗಿ ಬಾಗಿಲ ಸಂದಿ ಕಿರಿದಾಗುವ ಅಪಾಯವೂ ಇದೆ. ನಿಮ್ಮ ಕಾರಿಗೆ ಅಷ್ಟು ಬೇಕಾಗಲಿಕ್ಕಿಲ್ಲ.

ತಗಡಿನ ಬಾನೆಟ್ ಬಗ್ಗೆ ನಾನು ಮಾತಾಡಿದರೆ ಸಿಟ್ಟು ಬರುತ್ತದೆ, ಬಿಡಿ.

‘ಬೇರೆ ಪೇಂಟ್ ಬೇಕು’ ಎಂಬುದೂ ಕಟ್ಟುಮಾತು. ಒಳ್ಳೆಯ ಪಿಯು (ಪಾಲಿಯುರೆಥೇನ್) ಪೇಂಟ್ ಫೈಬರಿಗೂ ಅದೇ, ತಗಡಿಗೂ ಅದೇ. ಬೇರೆಯಾಗಬೇಕಾದದ್ದು ಅದರ ಅಡಿಯದ್ದು. ಉಜ್ಜಿದ ಮೈಗೆ ಎಪಾಕ್ಸಿ ಪ್ರೈಮರ್ ಒಂದು ಕೋಟ್ ಹೊಡೆದು ಮುಚ್ಚಿ. ಪುಟ್ಟಿ ಎಲ್ಲಿಯೂ 2–3 ಮಿಲಿಮೀಟರ್ ಮೀರದಿರಲಿ. ಬಣ್ಣವನ್ನು ಬಿಸಿಯಲ್ಲಿ ಒಣಗಿಸುವ ಬೇಕಿಂಗ್ ಬೂತ್ ಇದ್ದರೆ 60 ಡಿಗ್ರಿಗಿಂತ ಕೆಳಗೇ ನಿಲ್ಲಿಸಲು ಹೇಳಿ. ಪಿಯು ಪೇಂಟಿನ ಹಾರ್ಡ್‌ನರ್‌ನಲ್ಲಿ ಐಸೊಸಯನೇಟ್ ಇರುತ್ತದೆ, ಶ್ವಾಸಕೋಶಕ್ಕೆ ವಿಷ, ಬಟ್ಟೆಯ ಮಾಸ್ಕಿಗೆ ಬಗ್ಗುವುದಿಲ್ಲ. ಆದ್ದರಿಂದ ಸ್ಪ್ರೇ ಮಾಡುವುದನ್ನು ಬೂತ್ ಇರುವವರಿಗೆ ಬಿಡಿ. ರೆಸಿನ್ ಕೆಲಸ ಮನೆಯಲ್ಲಿ ಮಾಡುವುದಾದರೆ ಇದನ್ನು ಮರೆಯಬೇಡಿ: ರೆಸಿನ್ ಗಟ್ಟಿಮಾಡುವ ಕ್ಯಾಟಲಿಸ್ಟನ್ನೂ ಅದನ್ನು ಚುರುಕುಗೊಳಿಸುವ ಕೋಬಾಲ್ಟ್ ಆಕ್ಸಿಲರೇಟರನ್ನೂ ಎಂದಿಗೂ ನೇರವಾಗಿ ಬೆರೆಸಬಾರದು, ಸಿಡಿಯುತ್ತದೆ. ಕೋಬಾಲ್ಟ್ ಮೊದಲೇ ಬೆರೆಸಿದ ರೆಸಿನ್ ಕೇಳಿ ತನ್ನಿ. ಕಿಲೋ ರೆಸಿನ್‌ಗೆ 10ರಿಂದ 20 ಗ್ರಾಂ ಕ್ಯಾಟಲಿಸ್ಟ್ ಸಾಕು, ಕಣ್ಣಿಗೆ ಹಾರದಂತೆ ಕನ್ನಡಕ ಹಾಕಿಯೇ ಮುಟ್ಟಿ.

ಅಲೆ ತೆಗೆಯುವುದು ಕೊನೆಯ ಘಟ್ಟ, ಅದಕ್ಕೆ ಬಾನೆಟ್ಟನ್ನು ಕಾರಿಗೇ ಕೂರಿಸಿ ಬೋಲ್ಟ್ ಹಾಕಿರಬೇಕು. ಟೇಬಲ್ ಮೇಲೆ ಸಪಾಟಾಗಿ ಉಜ್ಜಿದ ಫೈಬರ್ ಬೋಲ್ಟ್ ಬಿಗಿದ ಕೂಡಲೇ ಬೇರೆ ಆಕಾರ ತಾಳುತ್ತದೆ. ಸರ್ಫೇಸರ್ (ಉಜ್ಜಲೆಂದೇ ಹೊಡೆಯುವ ದಪ್ಪ ಪ್ರೈಮರ್) ಮೇಲೆ ಕಪ್ಪು ಬಣ್ಣವನ್ನು ದೂರದಿಂದ ಮಂಜಿನಂತೆ ಉದುರಿಸಿ, ಮೊಳದುದ್ದದ ಪಟ್ಟಿಗೆ 320 ಪೇಪರ್ ಸುತ್ತಿ ಓರೆಯಾಗಿ, ಎರಡೂ ದಿಕ್ಕಿಗೆ ಎಳೆಯಿರಿ. ಕಪ್ಪು ಉಳಿದಲ್ಲಿ ಗುಂಡಿ, ಬೇಗ ಹೋದಲ್ಲಿ ದಿಬ್ಬ. ಕೈಬೆರಳಿನಿಂದ ಒತ್ತಿ ಉಜ್ಜಿದರೆ ಬೆರಳಿನ ಗುಳಿಗಳೇ ಮೂಡುತ್ತವೆ. ಕಣ್ಣನ್ನು ನಂಬಬೇಡಿ, ಅಂಗೈ ಅಡಿ ತೆಳು ಹತ್ತಿಬಟ್ಟೆ ಇಟ್ಟು ಸವರಿದರೆ ಕಾಣದ ಅಲೆಯೂ ಕೈಗೆ ಸಿಗುತ್ತದೆ.

ಆದರೂ ಒಂದು ಕಡೆ ನಿಲ್ಲಿಸಿ. ಕೈಯಿಂದ ಹಾಸಿದ ಬಾಡಿಯಲ್ಲಿ ಅಲೆ ಸ್ವಲ್ಪ ಇದ್ದೇ ಇರುತ್ತದೆ, ಕಾರ್ಖಾನೆಯಿಂದ ಹೊರಬಿದ್ದ ದಿನವೂ ಇತ್ತು. ಅದನ್ನು ಗಾಜಿನ ಹಲಗೆ ಮಾಡಹೊರಟವರು ಕಾರಿನ ಮೇಲೆ ಇನ್ನೊಂದು ಪುಟ್ಟಿಯ ಕಾರನ್ನೇ ಕಟ್ಟುತ್ತಾರೆ, ಅದು ಬಿರಿದಾಗ ಹಾಳೆ ಹಾಳೆಯಾಗಿ ಬೀಳುತ್ತದೆ. ನನ್ನ ಲೆಕ್ಕದಲ್ಲಿ ನಿಮ್ಮದು ಎರಡು ಮೂರು ತಿಂಗಳ ಕೆಲಸ. ಅದರಲ್ಲಿ ಹೆಚ್ಚಿನ ಪಾಲು ಬರೀ ಕಾಯುವುದು. ಈಗಲೇ ಇಡೀ ಕಾರಿಗೆ ಕೈ ಹಾಕಬೇಡಿ, ಬಾನೆಟ್ ಒಂದನ್ನೇ ಮುಗಿಸಿ, ತಿಳಿಬಣ್ಣ ಹೊಡೆಸಿ, ಮುಂದಿನ ಬೇಸಿಗೆ ದಾಟಲಿ.

ಈ ಭಾನುವಾರ ಮಾಡಬಹುದಾದ ಒಂದು ಪರೀಕ್ಷೆ ಇದೆ, ಕಾಸಿನ ಖರ್ಚಿಲ್ಲ. ಬಾನೆಟ್ ಮುಚ್ಚಿಟ್ಟು ಹಿಂಜಿನ ಬೋಲ್ಟುಗಳನ್ನು ಒಂದೊಂದಾಗಿ ಎರಡು ಸುತ್ತು ಸಡಿಲಿಸಿ, ಅಂಚಿನ ಮೇಲೆ ಕೈಯಿಟ್ಟುಕೊಂಡಿರಿ. ಯಾವ ಬೋಲ್ಟ್ ಸಡಿಲಿಸಿದಾಗ ಬಾನೆಟ್ ಚಿಮ್ಮಿ ಮೇಲೇಳುತ್ತದೆಯೋ ನಿಮ್ಮ ನಕ್ಷತ್ರ ಹುಟ್ಟಿದ್ದು ಅಲ್ಲಿ. ಅಲ್ಲಿಗೆ ಎಷ್ಟು ದಪ್ಪದ ಪ್ಯಾಕಿಂಗ್ ಬೇಕು ಎಂಬುದನ್ನು ಆ ಸಂದಿಯೇ ಅಳತೆ ಹಾಕಿ ತೋರಿಸುತ್ತದೆ.